ಯಾವ ದೇವರ ಉಪವಾಸ

ಮಕ್ಕಳ ತೂಕ ನೋಡಿಕೊಳ್ಳುವ ಮೊಬೈಲ್ ಆ್ಯಪ್‌ಗಳ ಮಾತು ಬಂದರೆ ಸಾಕು, ನಾವು ಡಾಕ್ಟರುಗಳು ಕೂತಲ್ಲೇ ಜಗಳ. "ನಮ್ಮ ಮಾತ ಈ ಹುಡುಗರು ಎಲ್ಲಿ ಕೇಳ್ತಾವ? ಫೋನಿನ ಮಾತರ ಕೇಳ್ಲಿ ಬಿಡ" ಎನ್ನುತ್ತಾಳೆ ಗೆಳತಿ. ನಮ್ಮ ಹಿರಿಯರೊಬ್ಬರು ಅದನ್ನು ಮೊದಲು ಕಿತ್ತು ಹಾಕಿಸು ಎನ್ನುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಅದು ಮಕ್ಕಳಿಗೆ ಏನು ಹೇಳುತ್ತದೆ, ಮಕ್ಕಳು ಅದಕ್ಕೆ ಏನು ಹೇಳುತ್ತಾರೆ ಎಂದು ಇಣುಕಿ ನೋಡುವ ಚಟ ನನ್ನದು. ಪುಣೆಯ ಕೊಂಢವಾ ಬಡಾವಣೆಯಲ್ಲಿರುವ ನನ್ನ ಕ್ಲಿನಿಕ್ಕಿಗೆ ಬಂದ ಮಕ್ಕಳ ಫೋನನ್ನು ಕೇಳಿ ಇಸಿದುಕೊಂಡು ನೋಡುತ್ತೇನೆ.

ಹಾಗೆ ಬಂದ ಒಬ್ಬ ಹುಡುಗಿಗೆ ಹದಿನೈದು ವರ್ಷ. ವಿಜಯಪುರದ ಕಡೆಯವರು, ಅಪ್ಪನದು ಇಲ್ಲೇ ಬಟ್ಟೆ ಅಂಗಡಿ. ತೂಕ ಜಾಸ್ತಿ ಅಂತ ನನ್ನ ಬಳಿ ಬರುವ ಮೊದಲೇ ಆ್ಯಪ್ ಹಾಕಿಕೊಂಡಿದ್ದಳು. ಮೊದಮೊದಲು ನನಗೂ ಖುಷಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದಳು, ಸಂಜೆಯ ವಡಾಪಾವ್ ಬಿಟ್ಟಳು. ಭೇಷ್ ಅಂದೆ.

ಒಂದು ಸೋಮವಾರ ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯುತ್ತಿದ್ದಂತೆ ಅವಳ ಅಜ್ಜಿ ಅವಳನ್ನು ಕೈಹಿಡಿದು ಕರೆತಂದರು. ಶಾಲೆಯಲ್ಲಿ ತಲೆ ತಿರುಗಿ ಬಿದ್ದಿದ್ದಳಂತೆ. ತುಟಿ ಒಣಗಿತ್ತು, ಕೈ ತಣ್ಣಗಿತ್ತು. ಗ್ಲುಕೋಸ್ ನೀರು ಕೊಟ್ಟರೆ ಒಲ್ಲೆ ಎಂದು ತಲೆಯಾಡಿಸಿದಳು. ಗದರಿಸಿ ಕುಡಿಸಿದೆ.

"ಇವತ್ತ ಉಪವಾಸ ಅದರೀ ಆಕಿದು," ಅಜ್ಜಿ ಹೆಮ್ಮೆಯಿಂದ ಅಂದರು. "ಸೋಮವಾರ, ಗುರುವಾರ, ಶನಿವಾರ ಬಿಡಂಗಿಲ್ರೀ. ಈ ವಯಸ್ಸಿನ್ಯಾಗ ಎಷ್ಟ ಭಕ್ತಿ ನೋಡ್ರಿ! ನಾ ಮಾಡಿದ ಸಾಬುದಾಣಿ ಖಿಚಡಿನೂ ಮುಟ್ಟಂಗಿಲ್ಲ."

ನನ್ನ ಕಿವಿ ನೆಟ್ಟಗಾಯಿತು. ಪುಣೆಯಲ್ಲಿ ಉಪವಾಸ ಅಂದರೆ ತಟ್ಟೆ ತುಂಬ ಸಬ್ಬಕ್ಕಿ ಖಿಚಡಿ, ಅದರ ತುಂಬ ಶೇಂಗಾ, ಮೇಲೊಂದು ಬಟ್ಟಲು ಮೊಸರು. ಅದನ್ನೂ ಒಲ್ಲೆನೆನ್ನುವ ಭಕ್ತೆಯನ್ನು ನಾನು ಕಂಡಿರಲಿಲ್ಲ.

"ಯಾವ ದೇವರದವ್ವಾ ನಿನ್ನ ಉಪವಾಸ?" ಎಂದೆ.

ಹುಡುಗಿ ನೆಲ ನೋಡಿದಳು. ಆಮೇಲೆ ಫೋನು ತೆಗೆದು ನನ್ನ ಕೈಗಿಟ್ಟಳು. ಆ್ಯಪ್‌ನಲ್ಲಿ ಹೊಟ್ಟೆ ತುಂಬ ಉಂಡ ದಿನಗಳೆಲ್ಲ ಕೆಂಪು, ಉಪವಾಸದ ದಿನಗಳು ಹಸಿರು. ಹಸಿರಿನ ಪಕ್ಕದಲ್ಲಿ ಚಪ್ಪಾಳೆ ತಟ್ಟುವ ಎರಡು ಕೈ.

"ಡಯಟ್ ಅಂದ್ರ ಮನ್ಯಾಗ ಬೈತಾರ್ರೀ," ಅಂದಳು. "ಉಪವಾಸ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಆ ಚಪ್ಪಾಳೆ ನೋಡಿ ನನ್ನ ಮೈ ಉರಿಯಿತು. ಆದರೆ ಬೈಯುವುದಾದರೂ ಯಾರನ್ನು? ಮೆಟ್ಟಿಲು ಹತ್ತಿಸಿದ್ದೂ ಅದೇ ಆ್ಯಪ್. ವಡಾಪಾವ್ ಬಿಡುವುದಕ್ಕೂ ಅನ್ನವನ್ನೇ ಬಿಡುವುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯಲಿಲ್ಲ. ಅಜ್ಜಿಗೂ ತಿಳಿದಿರಲಿಲ್ಲ. ಅವರೂ ಪಾಪ, ಮನೆಯಲ್ಲಿ ಕೂತು ಚಪ್ಪಾಳೆಯನ್ನೇ ತಟ್ಟಿದ್ದರು.

ಅಜ್ಜಿ ಫೋನಿನ ಹಸಿರನ್ನೂ ಮೊಮ್ಮಗಳ ಒಣಗಿದ ತುಟಿಯನ್ನೂ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಡಬ್ಬಿಯ ಕಡೆ ಕೈ ಚಾಚಿದರು. "ಡಾಕ್ಟರ್‌ಬಾಯಾರ, ಒಂದ ರೊಟ್ಟಿ ಕೊಡ್ರಿ."

ಕೊಟ್ಟೆ. ಅದನ್ನು ಮುರಿದು ಅರ್ಧ ಮೊಮ್ಮಗಳ ಕೈಗಿಟ್ಟರು, ಅರ್ಧ ತಾವು ಹಿಡಿದರು.

"ನಂದೂ ಸೋಮವಾರ ಅದ. ಮದುವಿ ಆದಾಗಿಂದ ಒಮ್ಮಿನೂ ಮುರದಿಲ್ಲ. ಇವತ್ತ ನೀ ಉಂಡ್ರ ನಾನೂ ಉಣ್ತೀನಿ."

"ಬ್ಯಾಡ ಅಜ್ಜೀ. ನಿಂದು ಖರೇ ಉಪವಾಸ."

"ನಿನ್ನ ಹಸಿವಿನೂ ಖರೇನ ಅದಲ್ಲವಾ."

ಹುಡುಗಿ ಅಳುತ್ತಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳು ಅಗಿದು ನುಂಗುವವರೆಗೂ ಅಜ್ಜಿ ತಮ್ಮ ರೊಟ್ಟಿಯನ್ನು ಹಿಡಿದುಕೊಂಡು ಅವಳ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ತಾವೂ ಬಾಯಿಗಿಟ್ಟರು.