ಅರ್ಧ ಬಟ್ಟಲು ಚಹಾ
ಹೊಸ ಆ್ಯಪ್ ಬಿಡುಗಡೆಗೆ ಮುಂಚೆ ಬಳಸುವವರ ಅಭಿಪ್ರಾಯ ಕೇಳುತ್ತ ನಮ್ಮೂರು ಕರಾಕೋಲ್‌ನ ಪೇಟೆಯಲ್ಲಿ ಅಲೆಯುವ ನನಗೆ, ಉಣ್ಣೆಯ ಜಮಖಾನ ಮಾರುವ ಹಿರಿಯಮ್ಮ ಕನಿಶಾಯ್ ಅಪಾ ಅವರಷ್ಟು ಕಷ್ಟ ಕೊಡುವವರು ಇನ್ನೊಬ್ಬರಿಲ್ಲ. ಅವರು ಯಾವುದನ್ನೂ ಚೆನ್ನಾಗಿಲ್ಲ ಎನ್ನುವವರಲ್ಲ. ಕನ್ನಡಕ ಹಣೆಗೇರಿಸಿ, ಫೋನನ್ನು ಒಂದು ತೋಳು ದೂರ ಹಿಡಿದು, ಆಸ್ಪತ್ರೆಯ ಚೀಟಿ ಕೊಡಿಸುವ ನಮ್ಮ ಆ್ಯಪನ್ನು ಬೆರಳಲ್ಲಿ ಕುಟ್ಟುತ್ತಾರೆ. ಪರದೆ ಕಪ್ಪಾದರೆ "ಚೆನ್ನಾಗಿದೆ ಮಗಳೇ", ದನದ ಡಾಕ್ಟರಿಗೆ ಚೀಟಿ ಸಿಕ್ಕರೆ "ಭಾಳ ಚೆನ್ನಾಗಿದೆ". ಬಾಯಲ್ಲಿ ಬಾರದ್ದು ಅವರ ಚಹಾದಲ್ಲಿ ಬರುತ್ತದೆ. ಕೂತಿರಲಿ ಅನಿಸಿದವರಿಗೆ ಅರ್ಧ ಬಟ್ಟಲು, ಎದ್ದು ಹೋಗಲಿ ಅನಿಸಿದವರಿಗೆ ಭರ್ತಿ ಬಟ್ಟಲು, ಇದು ನಮ್ಮ ಕಡೆಯ ರೂಢಿ. ಮೂರು ಸಲ ಹೋದೆ, ಮೂರು ಸಲವೂ ಬಟ್ಟಲು ತುಳುಕಿತು. ವರದಿಯಲ್ಲಿ ಅದನ್ನೇ ಬರೆದೆ. ಆಫೀಸಿನವರು ನಕ್ಕು, ಸೋಮವಾರವೇ ಬಿಡುಗಡೆ ಎಂದರು. ನಾಲ್ಕನೆಯ ಸಲ ನಾನೇ ಒಪ್ಪಿಕೊಂಡೆ: "ಅಪಾ, ಇದನ್ನ ಬಳಸೋಕೆ ನಮ್ಮಮ್ಮನಿಗೇ ಆಗ್ತಿಲ್ಲ." ಅವರು ಮೊದಲ ಬಾರಿಗೆ ಕನ್ನಡಕವನ್ನು ಕಣ್ಣಿಗಿಳಿಸಿದರು. "ಈಗ ಸರಿಯಾಗಿ ಹೇಳ್ದೆ. ಅಕ್ಷರ ಇರುವೆ ಹಂಗಿವೆ, ಒಂದು ಒತ್ತಿದ್ರೆ ಇನ್ನೊಂದಾಗುತ್ತೆ. ಕಾಯಿಲೆಯವರಿಗೆ ಅಂತ ಮಾಡಿದ್ರೋ, ಕಾಯಿಲೆ ಬರ್ಸೋಕೆ ಮಾಡಿದ್ರೋ?" ಎಂದು ಬೈಯುತ್ತಲೇ ನನ್ನ ಬಟ್ಟಲಿಗೆ ಅರ್ಧ ಚಹಾ ಸುರಿದರು.