ಬಕ್ಕಪ್ಪನ ನಾವೆ, ನಮ್ಮ ಮನೆಯ ಹಾಯಿ

ಬಕ್ಕಪ್ಪ ನನ್ನ ಮೈದುನ, ನಮ್ಮ ಯಜಮಾನರ ಬೆನ್ನಿಗೆ ಹುಟ್ಟಿದವನು. ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಹಿನ್ನೀರಿನ ದಂಡೆಗೆ ನಮ್ಮ ಊರು. ನಾನು ಔರಾದ ಕಡೆಯ ಸಂತಪುರದಿಂದ ಲಗ್ನವಾಗಿ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಈಗ ಹುಬ್ಬೂ ಬೆಳ್ಳಗಾಗಿದೆ. ಮಾತು ಕಡಿಮೆ, ಸಿಟ್ಟು ಕಡಿಮೆ, ಹಟ ಮಾತ್ರ ಅಣ್ಣನಷ್ಟೇ. ಊರಲ್ಲಿ ಅವನನ್ನು ನಾವೆಯ ಬಕ್ಕಪ್ಪ ಎನ್ನುತ್ತಾರೆ. ಆ ಹೆಸರು ಅವನಿಗೆ ಹೇಗೆ ಬಂತು ಎಂಬುದನ್ನು ನಾನು ಕಣ್ಣಾರೆ ಕಂಡಷ್ಟು ಬರೆಯುತ್ತೇನೆ.

ಡ್ಯಾಮ್ ಕಟ್ಟಿ ನೀರು ನಿಂತಾಗ ನಮ್ಮ ತಗ್ಗಿನ ಹೊಲ ಮುಳುಗಿತು. ದಿಬ್ಬದ ಹೊಲ ಆಚೆ ದಂಡೆಗೆ ಉಳಿಯಿತು. ಸುತ್ತಿ ಹೋದರೆ ಅರ್ಧ ದಿನದ ದಾರಿ. ಅದಕ್ಕೇ ನಮ್ಮ ಮಾವ ಒಂದು ನಾವೆ ಮಾಡಿಸಿದರು. ಸಾಗವಾನಿಯ ಹಲಗೆ, ಒಳಗೆ ಜಾಲಿಮರದ ಅಡ್ಡಪಟ್ಟಿ, ನಡುವೆ ಒಂದು ಕಂಬ, ಕಂಬಕ್ಕೆ ಹಾಯಿ. ಹಾಯಿಯ ಬಟ್ಟೆ ದಪ್ಪ ಖಾದಿ. ಜಾಲಿಯ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಅದ್ದಿ ಅದನ್ನು ಕೆಂಪಗೆ ಮಾಡಿದ್ದರು, ಬೇಗ ಕೊಳೆಯಬಾರದೆಂದು. ಅಣ್ಣತಮ್ಮ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ಹಾಯಿಯ ಹಗ್ಗ ನಮ್ಮವರ ಕೈಯಲ್ಲಿ, ಹುಟ್ಟು ಬಕ್ಕಪ್ಪನ ಕೈಯಲ್ಲಿ. ಒಬ್ಬನಿಂದ ನಡೆಯುವ ನಾವೆ ಅದಲ್ಲ.

ಮಾವ ತೀರಿದ ಮೇಲೆ ಮನೆ ಬೇರೆಯಾಯಿತು. ಊರ ಹಿರಿಯರು ಕೂತು ಮನೆಯ ನಡುವೆ ಗೋಡೆ ಹಾಕಿಸಿದರು, ಹೊಲಕ್ಕೆ ಬದು ಹಾಕಿಸಿದರು, ಬಲೆಗಳನ್ನು ಎರಡು ಗುಂಪಾಗಿ ಇಟ್ಟರು. ಕಡೆಗೆ ನಾವೆಯ ಮಾತು ಬಂತು.

ಬಕ್ಕಪ್ಪ ಹೇಳಿದ, “ಮನಿ ಬ್ಯಾರೆ ಆಗ್ಲಿ ಅಣ್ಣ, ನಾವ ಬ್ಯಾರೆ ಆಗೋದು ಬ್ಯಾಡ. ಒಲಿ ಎರಡಾದ್ರೂ ನೀರಿನ ಮ್ಯಾಲ ಇಬ್ರೂ ಕೂಡೇ ಇರೋಣು.”

ನಮ್ಮವರು ಹೂಂ ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಕೂತವರೊಬ್ಬರು, “ಏನರೆ ಅನ್ರಿ, ದಿಬ್ಬದ ಹೊಲದಾಗ ಝರೆಪ್ಪಗ ಚಲೋ ತುಂಡ ಬಂತು” ಎಂದು ನಮ್ಮವರ ಹೆಸರು ಹಿಡಿದು ಹೇಳಿದರು.

ಬಕ್ಕಪ್ಪ ನಗುತ್ತ, “ಅಣ್ಣ ಸಣ್ಣಾವ ಇದ್ದಾಗಿಂದ ಭಜ್ಜಿನೂ ದೊಡ್ಡದೇ ಆರಿಸ್ತಾನ್ರಿ” ಎಂದ.

ಎಲ್ಲರೂ ನಕ್ಕರು, ನಮ್ಮವರು ನಗಲಿಲ್ಲ. ಎದ್ದು ನೀರಿನ ಕಡೆಗೆ ನಡೆದರು. ನಾವೆಯ ಕಂಬ ಕಿತ್ತು, ಹಾಯಿ ಸುತ್ತಿ, ಎರಡನ್ನೂ ಹೆಗಲ ಮೇಲೆ ಹೊತ್ತು ಎಲ್ಲರ ಎದುರಿಗೇ ತಂದರು. “ಇದು ನನ್ನ ಹಿಸ್ಸಾ. ನಾ ಕರಿಯೋ ತನಕ ನನ್ನ ಹೊಸ್ತಿಲ ತುಳೀಬ್ಯಾಡ” ಎಂದು ತಮ್ಮನಿಗೆ ಹೇಳಿ ಒಳಗೆ ಹೋದರು. ಬಕ್ಕಪ್ಪ ಹೋಗಿ ಹುಟ್ಟುಗಳನ್ನು ತನ್ನ ಮನೆಗೆ ತಂದಿಟ್ಟುಕೊಂಡ. ನಾವೆಯ ಮೈಯೊಂದು ಯಾರಿಗೂ ಸೇರದೆ ನೀರಲ್ಲಿ ಉಳಿಯಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಊರವರೇ ಅದನ್ನು ಎಳೆದು ತಂದು ನಮ್ಮ ಎರಡು ಮನೆಗಳ ಮುಂದಿನ ಬೇವಿನ ಮರದ ಕೆಳಗೆ ಹಾಕಿದರು.

ಅಲ್ಲಿಯೇ ಅದು ಒಣಗಿತು. ಕೋಳಿ ಅದರಲ್ಲಿ ಮೊಟ್ಟೆ ಇಟ್ಟವು, ಮಳೆಗೆ ಆಡುಗಳು ಅದರ ಮರೆಗೆ ಮಲಗಿದವು. ಒಂದು ಬದಿಗೆ ಗೆದ್ದಲು ಹತ್ತಿತು. ಕಂಬ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವುದಕ್ಕಾಯಿತು. ಹಾಯಿಯನ್ನು ಜೋಳದ ಕಣಿಕೆಯ ಬಣವೆಗೆ ಹೊದಿಸಿದ್ದೆವು.

ಅಣ್ಣತಮ್ಮ ಮಾತು ಬಿಟ್ಟರು ಎಂದು ಊರವರು ಅನ್ನುತ್ತಾರೆ. ಅದು ಪೂರಾ ಸರಿಯಲ್ಲ. ಇಬ್ಬರೂ ಬಕ್ಕಪ್ಪನ ಆಡಿನ ಸಂಗಡ ಮಾತಾಡುತ್ತಿದ್ದರು.

“ಏ ಆಡೇ,” ಎಂದು ಬಕ್ಕಪ್ಪ ಮುಂಜಾನೆ ಶುರು ಮಾಡುತ್ತಿದ್ದ, “ಕಟ್ಟಿ ಮ್ಯಾಲ ಕುಂತವ್ರಿಗಿ ಹೇಳು, ಅವರ ಬಚ್ಚಲದ ನೀರ ನನ್ನ ಅಂಗಳಕ್ಕ ಬರ್ಲತದ.”

ನಮ್ಮವರು ಕಟ್ಟೆಯ ಮೇಲಿಂದ ಅದೇ ಆಡಿಗೆ, “ಬಂದ್ರ ಬರ್ಲಿ, ನಿನಗ ಹಸಿ ಹುಲ್ಲ ಆಗ್ತದ. ನಿನ್ನ ಮೇಸವರಿಗಿ ಅಷ್ಟೂ ತಿಳಿವಲ್ದು ಅಂದ್ರ ಏನ ಮಾಡ್ಲಿ” ಎನ್ನುತ್ತಿದ್ದರು.

ಬಕ್ಕಪ್ಪನ ಹೆಂಡತಿ ಮಲ್ಲೇಶ್ವರಿ ಒಲೆಯ ಮುಂದಿಂದಲೇ, “ಅಕ್ಕಾ, ಇವರಿಬ್ಬರ ಮಾತ ಹೊತ್ತು ಹೊತ್ತು ಆ ಆಡ ಬಡಕಲಾಗ್ಲತದ ನೋಡ್ರಿ” ಎಂದು ನನಗೆ ಕೂಗಿ ಹೇಳುತ್ತಿದ್ದಳು. ನಾವಿಬ್ಬರೂ ನಗುತ್ತಿದ್ದೆವು. ಅವರು ಗಂಭೀರವಾಗಿಯೇ ಇರುತ್ತಿದ್ದರು. ಹೀಗೆ ವರ್ಷಗಳು ಹೋದವು. ಆಡುಗಳು ಬದಲಾದವು, ಮಾತು ಹಾಗೆಯೇ ನಡೆಯಿತು.

ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ನಮ್ಮವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಬಾಯಿ, ಮೂರೂ ಹೋದವು. ಮಗ ಶಿವಕಾಂತ ಜೀಪಿನಲ್ಲಿ ಹಾಕಿಕೊಂಡು ಬೀದರದ ದವಾಖಾನೆಗೆ ಒಯ್ದ. ಮರುದಿನ ಬಕ್ಕಪ್ಪ ಜೋಳದ ರೊಟ್ಟಿ ಕಟ್ಟಿಕೊಂಡು ಬಸ್ಸಿಗೆ ಬಂದ. ಒಳಗೆ ಬರಲಿಲ್ಲ. ಗೇಟಿನ ಹೊರಗೆ ಚಹಾದ ಬಂಡಿಯ ಹತ್ತಿರ ಕೂತು ಗಂಟನ್ನು ಶಿವಕಾಂತನ ಕೈಯಲ್ಲಿ ಕೊಟ್ಟು ಕಳಿಸಿದ. ನಾನೇ ಹೊರಗೆ ಹೋದೆ.

“ಒಳಗ ಬಾ ಬಕ್ಕಪ್ಪ. ಇದು ದವಾಖಾನಿ, ಅವರ ಮನಿ ಅಲ್ಲ.”

“ಅವ ಇದ್ದಲ್ಲೇ ಅವನ ಹೊಸ್ತಿಲರಿ, ವೈನಿ. ಕರೀಲಿ, ಬರ್ತೇನಿ.”

“ಕಾಕಾ, ಅಪ್ಪಗ ಬಾಯೇ ಇಲ್ಲ” ಎಂದ ಶಿವಕಾಂತ. “ಹ್ಯಾಂಗ ಕರೀತಾನ?”

ಬಾಯಿ ಹೋಗಿದೆ ಎಂದು ಬಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ಚಹಾ ಹಾಗೇ ಆರಿತು. ಆಮೇಲೆ ಎದ್ದು, “ವೈನಿ, ನಾ ನಾವ ದುರಸ್ತಿ ಮಾಡ್ತೇನಿ. ಆದ ಮ್ಯಾಲ ಅವಗ ಕೇಳ್ರಿ. ಹಾಯಿ ಕೊಟ್ಟು ಕಳಿಸಿದ್ರ ಕರದಂಗ ಅಂತ ತಿಳೀತೇನಿ” ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆಗೆ ಹೋದ.

ನಮ್ಮವರನ್ನು ಮನೆಗೆ ಕರೆತರುವ ಹೊತ್ತಿಗೆ ಬೇವಿನ ಮರದ ಕೆಳಗೆ ನಾವೆ ಬೋರಲಾಗಿ ಬಿದ್ದಿತ್ತು. ಭಾಲ್ಕಿಯಿಂದ ಬಡಿಗ ಯಾಕೂಬನನ್ನು ಬಕ್ಕಪ್ಪ ಕರೆಸಿದ್ದ. ಯಾಕೂಬ ಉಳಿಯ ಹಿಂಭಾಗದಿಂದ ಒಂದೊಂದೇ ಹಲಗೆ ಬಡಿದು ನೋಡಿದ. ಒಂದು ಕಡೆ ಉಳಿ ಒಳಗೇ ಇಳಿಯಿತು.

“ಅರೇ ಬಕ್ಕಪ್ಪಾ, ಇದು ನಾವ ಅಲ್ಲೋ, ನಾವಿನ ಹಡ್ಡಿ, ಬರೇ ಎಲುಬು. ಇದನ್ನ ಸುಟ್ಟು ಹೊಸಾದು ಮಾಡಿದ್ರ ನನಗೂ ಆರಾಮ, ನಿನಗೂ ಆರಾಮ.”

“ಹೊಸಾದು ಅಣ್ಣ ಗುರತ ಹಿಡೆಂಗಿಲ್ಲ” ಎಂದ ಬಕ್ಕಪ್ಪ.

“ಫೈಬರದು ಸಿಗ್ತದ ಕಾಕಾ, ಹಗರ ಇರ್ತದ” ಎಂದು ಶಿವಕಾಂತನೂ ಹೇಳಿದ. ಬಕ್ಕಪ್ಪ ಅವನ ಕಡೆ ನೋಡಲೂ ಇಲ್ಲ.

ಔರಾದದಲ್ಲಿ ಯಾರದೋ ಹಳೆಯ ವಾಡೆ ಕೆಡವುತ್ತಿದ್ದರು. ಅಲ್ಲಿಯ ಸಾಗವಾನಿ ತೊಲೆ ಬಕ್ಕಪ್ಪನಿಗೆ ಬೇಕಾಯಿತು. ಅದಕ್ಕೆ ಆಡುಗಳನ್ನು ಮಾರಿದ. “ಅವು ಇನ್ನ ಯಾತಕ್ಕ, ಆ ಕಡಿಂದ ಮಾತ ಬರೋದೇ ಬಂದ್ ಆಯ್ತು” ಎಂದು ಮಲ್ಲೇಶ್ವರಿಗೆ ಹೇಳಿದನಂತೆ. ಅವಳು ಬಂದು ನನ್ನ ಮುಂದೆ ಅತ್ತಳು.

ನಾವೆ ದುರಸ್ತಿಯ ಕೆಲಸ ನಾನು ಮೊದಲೆಂದೂ ನೋಡಿರಲಿಲ್ಲ. ಗೆದ್ದಲು ತಿಂದ ಹಲಗೆ ಬಿಚ್ಚಿದರು. ಅದೇ ಅಳತೆಗೆ ತೊಲೆ ಸೀಳಿ, ಬಾಗಬೇಕಾದ ಕಡೆ ಬೆಂಕಿಗೆ ಹಿಡಿದು, ಮೇಲೆ ನೀರು ಚಿಮುಕಿಸುತ್ತ ಮೆಲ್ಲಗೆ ಬಾಗಿಸಿದರು. ಅವಸರ ಮಾಡಿದ ಒಂದು ಹಲಗೆ ಸೀಳಿತು. ಮತ್ತೊಂದು ಮಾಡಿದರು. ಹಲಗೆ ಹಲಗೆಯ ನಡುವೆ ಹತ್ತಿಯ ಬತ್ತಿ ಹೊಸೆದು ತುಂಬಿ, ರಾಳವನ್ನು ಎಣ್ಣೆಯಲ್ಲಿ ಕಾಸಿ ಮೇಲೆ ಹಚ್ಚಿದರು. ಬತ್ತಿಗಳನ್ನು ನಾನೂ ಮಲ್ಲೇಶ್ವರಿಯೂ ಹೊಸೆದು ಕೊಟ್ಟೆವು. ಯಾಕೂಬ, “ದೇವರ ದೀಪಕ್ಕ ಹೊಸದಂಗ ಸಣ್ಣ ಹೊಸದೀರಲ್ಲ ಅಕ್ಕಾ, ದಪ್ಪ ಮಾಡ್ರಿ, ಇದು ಹೊಟ್ಟಿಬಾಕ ಅದ” ಎನ್ನುತ್ತಿದ್ದ.

ರಾಳದ ವಾಸನೆ ನಮ್ಮ ಮನೆಯೊಳಗೆ ಬಂದ ದಿನ ನಮ್ಮವರು ಕುತ್ತಿಗೆ ಹೊರಳಿಸಿದರು. ನಾನೂ ಮಗನೂ ಸೇರಿ ಮಂಚವನ್ನು ಬಾಗಿಲಿಗೆ ಎಳೆದೆವು. ಅಂದಿನಿಂದ ದಿನಾ ಹೊರಗೆ ನೋಡುತ್ತ ಮಲಗುತ್ತಿದ್ದರು. ತಮ್ಮನ ಮುಖ ನೋಡಿದ್ದನ್ನು ನಾನು ಕಾಣೆ. ಹಲಗೆಯನ್ನೇ ನೋಡುತ್ತಿದ್ದರು. ಬಲಗಣ್ಣಿಂದ ನೀರು ಇಳಿಯುತ್ತಿತ್ತು. ಲಕ್ವಾ ಆದಾಗಿನಿಂದ ಆ ಕಣ್ಣು ಹಾಗೇ ಸೋರುತ್ತಿತ್ತು, ಆದ್ದರಿಂದ ಅದಕ್ಕೆ ಅರ್ಥ ಹಚ್ಚುವ ಹಾಗಿರಲಿಲ್ಲ. ಬಕ್ಕಪ್ಪ ಮಾತ್ರ ಕೆಲಸದ ನಡುವೆ ಒಮ್ಮೊಮ್ಮೆ ಜೋರಾಗಿ, “ಈ ಹಲಗಿ ಮೊದಲಿನಂಗೇ ಕುಂತದ” ಎಂದೋ, “ಮೂತಿ ಕಡಿ ಇನ್ನೂ ಬಾಕಿ ಅದ” ಎಂದೋ ಅನ್ನುತ್ತಿದ್ದ. ಹೇಳಿ ಕೈ ನಿಲ್ಲಿಸುತ್ತಿದ್ದ. ಇತ್ತ ಕಡೆಯಿಂದ ಏನೂ ಬಾರದಿದ್ದಾಗ ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತಿದ್ದ.

ನಾನು ಬಣವೆಯ ಮೇಲಿನ ಹಾಯಿ ಇಳಿಸಿದೆ. ಇಲಿ ಕಡಿದು ಜಾಳಿಗೆ ಮಾಡಿದ್ದವು. ಒಗೆದು, ನಮ್ಮವರ ಹಳೆಯ ಧೋತರಗಳನ್ನು ತೇಪೆ ಕೊಟ್ಟು, ಕೌದಿ ಹೊಲಿಯುವ ಹಾಗೆ ಸಣ್ಣ ಹೊಲಿಗೆಯಲ್ಲಿ ಕೂಡಿಸಿದೆ. ಜಾಲಿಯ ತೊಗಟೆ ಕುದಿಸಿ ಮತ್ತೆ ಬಣ್ಣ ಹಾಕಿದೆ. ಹಳೆಯದು ಕಪ್ಪುಗೆಂಪು, ತೇಪೆ ತಿಳಿಗೆಂಪು. ಅದೊಂದೇ ವ್ಯತ್ಯಾಸ ಉಳಿಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ನಾವೆ ತಯಾರಾಯಿತು. ಒಣ ಹಲಗೆ ಉಬ್ಬಲಿ ಎಂದು ಅದರೊಳಗೆ ಕೊಡಗಟ್ಟಲೆ ನೀರು ತುಂಬಿದರು. ಮೊದಲು ಜರಡಿಯ ಹಾಗೆ ಸೋರಿತು, ಆಮೇಲೆ ನಿಂತಿತು. ಅಂದು ಸಂಜೆ ಬಕ್ಕಪ್ಪ ನಮ್ಮ ಕಟ್ಟೆಯ ಕೆಳಗೆ ಬಂದು ನಿಂತು, “ವೈನಿ, ಈಗ ಕೇಳ್ರಿ” ಎಂದ.

ನಾನು ಹಾಯಿಯನ್ನು ನಾಲ್ಕು ಮಡಿಕೆ ಮಾಡಿ ನಮ್ಮವರ ಎದೆಯ ಮೇಲೆ ಇಟ್ಟೆ. “ನಾವ ತಯಾರ ಆಗ್ಯದ. ಬಕ್ಕಪ್ಪ ಹೊರಗ ನಿಂತಾನ. ಇದನ್ನ ಕೊಟ್ಟು ಕಳಸಲೇನ್ರಿ?” ಎಂದೆ. ಅವರಿಗೆ ತಿಳಿಯಿತು, ಅದರಲ್ಲಿ ನನಗೆ ಸಂಶಯವಿಲ್ಲ. ಎಡಗೈ ಎತ್ತಿ ಬಟ್ಟೆಯ ಮೇಲೆ ಇಟ್ಟರು. ನಾನು ಮೆಲ್ಲಗೆ ಎಳೆದೆ. ಬಿಡಲಿಲ್ಲ. ತೇಪೆಯ ಮೇಲೆ ಬೆರಳಾಡಿಸಿದರು, ಮತ್ತೆ ಮುಷ್ಟಿ ಬಿಗಿ ಮಾಡಿದರು.

ನಾನು ಹೊರಗೆ ಬಂದು, “ಇವತ್ತ ಬ್ಯಾಡ ಬಕ್ಕಪ್ಪ, ತಡಿ” ಎಂದೆ.

“ಹೂಂ. ನೀರ ಇನ್ನೂ ದೂರ ಅದ, ಮಳಿ ಆಗ್ಲಿ” ಎಂದು ಅವನು ಹೋದ.

ಮರುದಿನವೂ ಕೇಳಿದೆ, ಅದರ ಮರುದಿನವೂ. ಕೈ ಹಾಗೆಯೇ ಇತ್ತು. ನಿದ್ದೆಯಲ್ಲಿ ಸಡಿಲಾಗುತ್ತಿತ್ತು. ಆಗ ತೆಗೆದುಕೊಳ್ಳಬಹುದಿತ್ತು. ನಿದ್ದೆಯಲ್ಲಿ ತೆಗೆದರೆ ಅದು ಕೊಟ್ಟ ಹಾಗಲ್ಲ, ಆದ್ದರಿಂದ ತೆಗೆಯಲಿಲ್ಲ. ಮುಂಗಾರಿನ ಮಿರಗದ ಮಳೆ ಬಿತ್ತು, ನೀರು ಏರತೊಡಗಿತು. ಹೊಲದ ಕಡೆ ಹಸಿರು ಕಾಣುವ ಮುಂಚೆ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನಮ್ಮವರು ತೀರಿಕೊಂಡರು. ಹಾಯಿ ಅವರ ಹೊದಿಕೆಯಾಗಿತ್ತು.

ಊರೆಲ್ಲ ಬಂತು. ಬಕ್ಕಪ್ಪ ಕಟ್ಟೆಯ ಕೆಳಗೇ ನಿಂತ. ನಾನು ಎದ್ದು ಬಾಗಿಲಿಗೆ ಬಂದು, “ನಾ ಕರೀತೇನಿ, ಒಳಗ ಬಾರೋ. ಅಣ್ಣನ ಮಾರಿ ನೋಡು” ಎಂದೆ.

“ನೀವು ಕರದ್ರ ನಿಮ್ಮ ದೊಡ್ಡ ಮನಸ್ಸರಿ ವೈನಿ. ಅವ ಕರದಿಲ್ಲ.”

ಹಿರಿಯರು ಬೈದರು. ಒಬ್ಬರು ಕೈ ಹಿಡಿದು ಎಳೆದರು. ಅವನು ಬೇವಿನ ಮರವನ್ನು ತಬ್ಬಿ ನಿಂತುಬಿಟ್ಟ. ಹೆಣ ಹೊಸ್ತಿಲು ದಾಟಿ ಹೊರಗೆ ಬಂದ ಮೇಲೆ ಓಡಿ ಬಂದು ಮುಂದಿನ ಬಲಭಾಗಕ್ಕೆ ಹೆಗಲು ಕೊಟ್ಟ. ಮಣ್ಣು ಮಾಡುವವರೆಗೂ ಬೇರೆ ಯಾರಿಗೂ ಹೆಗಲು ಬಿಟ್ಟುಕೊಡಲಿಲ್ಲ.

ಶ್ರಾವಣದಲ್ಲಿ ನಾವೆಯನ್ನು ನೀರಿಗೆ ಇಳಿಸಿದರು. ಯಾಕೂಬ ಭಾಲ್ಕಿಯಿಂದ ಸಿಹಿ ಮಲೀದಾ ಮಾಡಿಸಿಕೊಂಡು ಬಂದಿದ್ದ, ಮಲ್ಲೇಶ್ವರಿ ಗಂಗವ್ವನಿಗೆ ಎಡೆ ಹಿಡಿದಳು. ಹಾಯಿಯನ್ನು ನಾನು ದಂಡೆಯವರೆಗೂ ಒಯ್ದಿದ್ದೆ. ಬಕ್ಕಪ್ಪ ಅದಕ್ಕೆ ಕೈ ಮುಗಿದ, ತೆಗೆದುಕೊಳ್ಳಲಿಲ್ಲ. ಹುಟ್ಟು ಹಾಕುತ್ತ ಒಬ್ಬನೇ ಹೋದ. ಮುಂದೆ ಆಳಿಲ್ಲದೆ ನಾವೆಯ ಮೂತಿ ಮೇಲೆದ್ದು ಗಾಳಿಗೆ ಗಿರ್ರನೆ ತಿರುಗಿತು. ದಂಡೆಯಲ್ಲಿದ್ದ ಕೆಲವರು ನಕ್ಕರು. ಅವನು ದಂಡೆಗೆ ತಿರುಗಿ ಬಂದು ಗೋಣಿಚೀಲದಲ್ಲಿ ಕಲ್ಲು ತುಂಬಿ ಅಣ್ಣ ಕೂರುತ್ತಿದ್ದ ಜಾಗಕ್ಕೆ ಇಟ್ಟ. ಎತ್ತಿ ನೋಡಿ, ಇನ್ನೆರಡು ಕಲ್ಲು ಹಾಕಿದ. ಆಗ ನಾವೆ ಸರಿಯಾಗಿ ಹೋಯಿತು. ನಗುತ್ತಿದ್ದವರು ಆಮೇಲೆ ನಗಲಿಲ್ಲ.

ಹೋದ ವರ್ಷ ಅವನು ಒಂದು ಮುಂಜಾನೆ ಮೀನು ತಂದು ಕಟ್ಟೆಯ ಮೇಲಿಟ್ಟು, ಹೋಗದೆ ನಿಂತ.

“ವೈನಿ, ಒಂದ ಮಾತ ಕೇಳ್ತೇನಿ. ಹಾಯಿ ಅವನ ಎದಿ ಮ್ಯಾಲ ಇಟ್ಟಿದ್ರಲ್ಲ. ಅವಾಗ ಅವ ಏನ ಮಾಡ್ದ?”

“ಕೈ ಇಟ್ರು.”

“ನೂಕಿದ್ನೇನ್ರಿ?”

“ಇಲ್ಲ.”

“ಹಂಗಾದ್ರ ಕೊಟ್ನೇನ್ರಿ?”

“ನಾ ಜಗ್ಗಿದೆ. ಬಿಡಲಿಲ್ಲ.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ.”

ಅವನು ನನ್ನ ಮುಖವನ್ನೇ ನೋಡುತ್ತ ನಿಂತ, ಇನ್ನೇನಾದರೂ ಹೇಳುತ್ತೇನೆಂದು. ಕೊಟ್ಟರು ಎಂದು ಒಂದು ಮಾತು ಹೇಳಿಬಿಡಬೇಕಿತ್ತು ಎಂದು ಮಲ್ಲೇಶ್ವರಿ ಇವತ್ತಿಗೂ ಅನ್ನುತ್ತಾಳೆ. ಕೊಟ್ಟರೋ, ಹಿಡಿದಿಟ್ಟುಕೊಂಡರೋ, ಅಥವಾ ತಾವೇ ಎದ್ದು ನಾವೆಗೆ ಹೋಗಬೇಕೆಂದು ಹಿಡಿದಿದ್ದರೋ, ನಲವತ್ತು ವರ್ಷಕ್ಕೂ ಮಿಕ್ಕಿ ಬಾಳಿದ ನನಗೇ ತಿಳಿಯಲಿಲ್ಲ. ತಿಳಿಯದ್ದನ್ನು ಹೇಗೆ ಹೇಳಲಿ? ತೀರಿದವರ ಬಾಯಲ್ಲಿ ನಾನು ಮಾತು ಇಡಲಾರೆ.

“ಚಹಾ ಕುಡದು ಹೋಗು” ಎಂದೆ.

“ಬ್ಯಾಡ್ರಿ ವೈನಿ, ನೀರಾಗ ಬಲಿ ಬಿಟ್ಟು ಬಂದೇನಿ.”

ದಂಡೆಗೆ ಇಳಿದು ನಾವೆ ಬಿಚ್ಚಿದ. ಅಂದು ಪಡುವಣ ಗಾಳಿ ಜೋರಾಗಿ, ಒಂದೇ ಸಮನೆ ಬೀಸುತ್ತಿತ್ತು, ಹಾಯಿ ಕಟ್ಟಿದ್ದರೆ ತಾನಾಗಿಯೇ ಒಯ್ಯುವ ಗಾಳಿ. ಆ ಗಾಳಿಯಲ್ಲಿ ಅವನು ಹುಟ್ಟು ಹಾಕುತ್ತ, ನಡುನಡುವೆ ನಿಂತು ಭುಜ ಒತ್ತಿಕೊಳ್ಳುತ್ತ ಹೋದ. ಆಚೆ ದಂಡೆ ಮುಟ್ಟುವವರೆಗೂ ನಾನು ನೋಡಿದೆ. ಬಹಳ ಹೊತ್ತು ಹಿಡಿಯಿತು.