ನಾಯಿಯ ಪಾಲು

ನಾನು ಪಶುವೈದ್ಯ ವಿದ್ಯಾರ್ಥಿಗಳಿಗೆ ಹುಳುಗಳ ಪಾಠ ಹೇಳುವವಳು. ಕರುಳಿನ ಹುಳು, ಉಣ್ಣಿ, ಹೇನು, ಚಿಗಟ ಎಲ್ಲವೂ ನನ್ನ ಅನ್ನದಾತರೇ, ಹಾಗಾಗಿ ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಕುರಿಯ ಸುತ್ತುರೋಗದ ಪಾಠ ವರ್ಷಾವರ್ಷ ಬರುತ್ತದೆ. ನಾಯಿಯ ಕರುಳಲ್ಲಿ ಒಂದು ಲಾಡಿಹುಳು. ಅದರ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ, ಅಲ್ಲಿಂದ ಮಿದುಳಿಗೆ. ಮಿದುಳಲ್ಲಿ ನೀರುಗುಳ್ಳೆ ಬೆಳೆದಂತೆ ಕುರಿ ನಿಂತಲ್ಲೇ ಸುತ್ತತೊಡಗುತ್ತದೆ. ಅದರ ತಲೆಯನ್ನು ನಾಯಿ ತಿಂದರೆ ಗುಳ್ಳೆಯೊಳಗಿನ ಮರಿಹುಳುಗಳು ಮತ್ತೆ ನಾಯಿಯ ಕರುಳು ಸೇರುತ್ತವೆ. ತಡೆಯುವುದು ಹೇಗೆ ಎಂದು ಕೇಳಿದರೆ, ನಾಯಿಗೆ ಕುರಿಯ ತಲೆ ಹಾಕಬಾರದು ಎಂದು ಇಡೀ ತರಗತಿ ಬರೆಯುತ್ತದೆ. ನಾನು ಪೂರ್ತಿ ಅಂಕ ಕೊಡುತ್ತೇನೆ. ಯಾರ ನಾಯಿ, ಯಾಕೆ ಹಾಕುತ್ತಾರೆ ಎಂದು ಪುಸ್ತಕ ಕೇಳುವುದಿಲ್ಲ, ನಾನೂ ಕೇಳುತ್ತಿರಲಿಲ್ಲ.

ಒಂದು ವರ್ಷ ಹಿರಿಯೂರಿನಲ್ಲಿ ಉಳಿದುಕೊಂಡು ಸುತ್ತಲ ಹಳ್ಳಿಗಳಲ್ಲಿ ಶಿಬಿರ ಮಾಡಿದೆವು. ಆ ತಂಡದಲ್ಲಿ ಐಮಂಗಲದ ಹತ್ತಿರದ ಕುರಿಗಾರರ ಮನೆಯ ಹುಡುಗಿಯೊಬ್ಬಳಿದ್ದಳು. ಅವಳಜ್ಜನ ಹಟ್ಟಿಯಲ್ಲಿ ಎಳೆಯ ಟಗರೊಂದು ಎಡಕ್ಕೆ ಸುತ್ತುತ್ತಿದೆ ಎಂದು ಗೊತ್ತಾದದ್ದೇ ತಡ, ಮದುವೆಮನೆಗೆ ಹೊರಟವರಂತೆ ಎಲ್ಲರೂ ಹೊರಟೆವು. ಪುಸ್ತಕದಲ್ಲಿದ್ದದ್ದು ಕಣ್ಣೆದುರಿಗೇ ಸುತ್ತುತ್ತಿತ್ತು. ವಿದ್ಯಾರ್ಥಿಗಳು ಮೊಬೈಲ್ ತೆಗೆದರು.

ಅಜ್ಜ ಕಂಬಳಿ ಹಾಸಿದರು. "ಕುಂತ್ಕಳ್ರಿ ಮೇಡಂ. ಇದ್ಯಾಕೆ ಹಿಂಗೆ ತಿರುಗ್ತೈತೆ ಹೇಳ್ರಿ."

ನಾನು ಚೆನ್ನಾಗಿಯೇ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಹಟ್ಟಿಯ ಬಾಗಿಲಲ್ಲಿ ಮಲಗಿದ್ದ ಕರಿನಾಯಿಯತ್ತ ತಿರುಗಿದರು.

"ಹಂಗಾದ್ರೆ ಎಲ್ಲಾ ಇದ್ರದ್ದೇ ಕೆಲ್ಸ. ಸಂಜಿಗೆ ನಮ್ಮ ಪರಿಚಯದ ಲಾರಿ ಬರ್ತೈತೆ. ಹತ್ತಿಸಿ ಕಳಿಸ್ತೀನಿ, ಪೂನಾ ಕಡೆ ಎಲ್ಲಾದ್ರೂ ಬಿಡ್ಲಿ."

ಹುಡುಗಿ ನಾಯಿಯ ಪಕ್ಕಕ್ಕೆ ಹೋಗಿ ನಿಂತಳು. ಆ ನಾಯಿಯನ್ನು ಕಣ್ಣು ಬಿಡದ ಮರಿಯಿಂದ ಸಾಕಿದವಳು ಅವಳೇ ಎಂದು ಆಮೇಲೆ ತಿಳಿಯಿತು. ನನಗೆ ಮುಜುಗರವಾಯಿತು. ವರ್ಷಗಟ್ಟಲೆ ಯಾರೂ ಮನೆಗೆ ಒಯ್ಯದ ಪಾಠವನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡು ಆ ಕ್ಷಣವೇ ಜಾರಿಗೆ ತಂದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

"ಅಜ್ಜ, ಅದಕ್ಕೆ ಗುಳಿಗೆ ಐತೆ," ಎಂದಳು ಹುಡುಗಿ. "ಹುಳ ಎಲ್ಲಾ ಉದುರಿ ಹೋಗ್ತವೆ. ನಾನೇ ನೋಡ್ಕಂತೀನಿ. ಮೂರು ದಿನ ಬಿಡು."

"ಮೂರೇ ದಿನ. ಆಮ್ಯಾಲೆ ನಾನು ಯಾರ ಮಾತೂ ಕೇಳಲ್ಲ."

ಗುಳಿಗೆಯನ್ನು ರಾಗಿಮುದ್ದೆಯ ತುತ್ತಿನಲ್ಲಿಟ್ಟು ಹಾಕಿದಳು. ನಾಯಿ ಮುದ್ದೆ ನುಂಗಿ ಗುಳಿಗೆಯನ್ನು ಉಗುಳಿತು. ಪುಸ್ತಕದ ಬದನೆಕಾಯಿ ಅನ್ನುವುದು ಇದಕ್ಕೇ ಇರಬೇಕು. ನಮ್ಮ ಪುಸ್ತಕದಲ್ಲಿ ಗುಳಿಗೆ ಕೊಡಬೇಕು ಎಂದಷ್ಟೇ ಇದೆ. ಎರಡನೇ ಸಲ ಬಾಯಿ ಅಗಲಿಸಿ ಗಂಟಲಿಗೇ ಇಟ್ಟಳು. ಉದುರುವ ಹುಳುವಿನ ಮೊಟ್ಟೆ ಮತ್ತೆ ಹುಲ್ಲಿಗೆ ಸೇರಬಾರದಲ್ಲ, ಅದಕ್ಕಾಗಿ ನಾಯಿಯನ್ನು ಬೇವಿನ ಮರಕ್ಕೆ ಕಟ್ಟಿ, ಅದು ಹೊಲಸು ಮಾಡಿದ್ದನ್ನೆಲ್ಲ ಬಳಿದು ಸುಟ್ಟಳು. ಶಿಬಿರ ಬಿಟ್ಟು ಅಲ್ಲೇ ಉಳಿದಳು.

"ನಾಯಿ ಹೇಲು ಬಳಿಯಾಕೆ ಇಷ್ಟು ವರ್ಷ ಓದ್ಬೇಕಾತೇನವ್ವ?" ಎಂದು ಅಜ್ಜ ರೇಗಿಸಿದರು.

ಮೂರನೆಯ ಬೆಳಿಗ್ಗೆ ಅವಳ ಫೋನ್ ಬಂತು. ಟಗರು ನೆಲ ಹಿಡಿದಿತ್ತು. ನಮ್ಮ ಪ್ರಯೋಗಾಲಯದಲ್ಲಿ ಪಾಠಕ್ಕೆಂದು ಇಟ್ಟಿದ್ದ ಮಿದುಳಿನ ಗುಳ್ಳೆ ಹಳತಾಗಿ ಬೂದಿಬಣ್ಣಕ್ಕೆ ತಿರುಗಿತ್ತು, ಹೊಸದು ಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಕೆಡದಂತೆ ಇಡುವ ಫಾರ್ಮಲಿನ್ ತುಂಬಿದ ಗಾಜಿನ ಜಾಡಿ ಹಿಡಿದು ಹೋದೆ.

ಅಷ್ಟರಲ್ಲಿ ಅಜ್ಜ ಟಗರನ್ನು ಕೊಯ್ದು ಮುಗಿಸಿದ್ದರು. ಕುರಿಯ ತಲೆ ಆ ಮನೆಯವರಿಗೆ ರುಚಿಯ ಮಾಂಸವೇ. ಆದರೆ ಸುತ್ತಿ ಬಿದ್ದದ್ದರ ತಲೆಯನ್ನು ಅವರು ತಿನ್ನುವುದಿಲ್ಲ, ಅದು ಕಾವಲಿನ ನಾಯಿಯ ಪಾಲು. ಹಗ್ಗ ಬಿಚ್ಚಿ, ತಲೆಯನ್ನು ಅದರ ಮುಂದೆ ಹಾಕಿದ್ದರು. ಹೊಲಸು ಸುಟ್ಟ ಬೂದಿ ಚೆಲ್ಲಿ ಬಂದ ಹುಡುಗಿಯೂ, ಗಾಡಿಯಿಂದಿಳಿದ ನಾನೂ ಒಟ್ಟಿಗೇ ನೋಡಿದೆವು.

"ಅಜ್ಜ, ಇದೇನ್ ಮಾಡ್ದೆ?"

"ಗುಳಿಗೆ ಹಾಕಿದ್ಯಲ್ಲ, ಇನ್ನೇನಾಗ್ತೈತೆ? ರಾತ್ರಿಯೆಲ್ಲ ಕಾಯ್ತೈತೆ, ಅದ್ರ ಪಾಲು ಅದಕ್ಕೆ ಬ್ಯಾಡ್ವಾ? ಇಲ್ಲೇ ಇರ್ಲಿ ಅಂತ ನೀನೇ ಅಂದೆ."

ನಾಯಿಯನ್ನು ಉಳಿಸಿಕೊಂಡಿದ್ದೇನೆ ಎಂದು ಅವರು ಹೇಳುತ್ತಿದ್ದ ರೀತಿ ಅದು. ಗುಳಿಗೆ ನಿನ್ನೆಯ ಹುಳುವನ್ನು ಕೊಲ್ಲುತ್ತದೆ, ನಾಳೆಯದನ್ನಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ನಾಯಿಯ ಮುಂದೆ ಕೂತಿದ್ದಳು. ತಲೆಬುರುಡೆ ಇನ್ನೂ ಒಡೆದಿರಲಿಲ್ಲ. ಅವಳು ಕೈ ಹಾಕಿದಾಗ ನಾಯಿ ಗುರುಗುಟ್ಟಿತು. ಅವಳು ಕೈ ತೆಗೆಯಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಸ್ವಲ್ಪ ಹೊತ್ತಿಗೆ ಅದು ಬಾಯಿ ಸಡಿಲಿಸಿತು.

ನಾನು ಜಾಡಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ಅವಳು ಜಾಡಿಯನ್ನು ನೋಡಿದಳು, ನಾಯಿಯನ್ನು ನೋಡಿದಳು.

"ಬ್ಯಾಡ ಮೇಡಂ. ಚೆನ್ನಾಗಿ ಕುದಿಸಿ ಇದಕ್ಕೇ ಹಾಕ್ತೀನಿ. ಕುದಿಸಿದ್ರೆ ಗುಳ್ಳೆಯಾಗಿರೋ ಹುಳ ಸಾಯ್ತವಲ್ಲ."

ಮಾತು ಸರಿಯಾಗಿತ್ತು. ಇಷ್ಟು ವರ್ಷ ನನ್ನ ಪ್ರಶ್ನೆಗೆ ಯಾರೂ ಹಾಗೆ ಉತ್ತರ ಬರೆದಿರಲಿಲ್ಲ. ಅವಳು ಮೂರು ಕಲ್ಲು ಹೂಡಿ, ಹಳೆಯ ಪಾತ್ರೆಯಲ್ಲಿ ನೀರಿಟ್ಟು ತಲೆ ಹಾಕಿದಳು. ನಾಯಿ ಅವಳ ಮೇಲಿನ ಸಿಟ್ಟು ಬಿಡದೆ ಆಚೆ ಕೂತಿತ್ತು.

"ಇವತ್ತೇನೋ ನೀನು ಬೇಯಿಸ್ತೀಯ," ಎಂದರು ಅಜ್ಜ. "ನಾಳೆ ಹೋಗ್ತೀಯಲ್ಲ, ಆಮ್ಯಾಲೆ?"

ಅವಳು ಬೆಂಕಿ ಊದುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಹೊಗೆಗೂ ಇರಬಹುದು. ಅಜ್ಜ ಜಾಲಿಯ ಪುಳ್ಳೆ ತಂದು ಮುರಿದು ಒಲೆಗೆ ತುರುಕಿ, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಎಷ್ಟೊತ್ತು ಕುದೀಬೇಕು? ಸರಿಯಾಗಿ ಹೇಳ್ಕೊಟ್ಟು ಹೋಗು."